ಮನೆಬಳಕೆಯ ಗಾಲಿಕುರ್ಚಿಯ ಇತಿಹಾಸ

ಮನೆಬಳಕೆಯ ಗಾಲಿಕುರ್ಚಿ ಎಂದರೆ ನಡೆಯಲಾಗದ ಅಥವಾ ನಡೆಯಲು ಕಷ್ಟಪಡುವ ವ್ಯಕ್ತಿಯು ಮನೆಯೊಳಗೆ ಚಲಿಸಲು ಬಳಸುವ, ಗಾಲಿಗಳನ್ನು ಜೋಡಿಸಿದ ಆಸನ. ಬೀದಿಯಲ್ಲಿ ಓಡಾಡಲು ರೂಪಿಸಿದ ಬಂಡಿಗಿಂತಲೂ, ರೋಗಿಯನ್ನು ಸಾಗಿಸಲು ಆಸ್ಪತ್ರೆಯಲ್ಲಿ ಇಟ್ಟಿರುವ ಕುರ್ಚಿಗಿಂತಲೂ ಇದರ ಅಗತ್ಯಗಳು ಭಿನ್ನ. ಇದು ಬಾಗಿಲಲ್ಲಿ ಹಾಯಬೇಕು, ಇಕ್ಕಟ್ಟಾದ ಜಾಗದಲ್ಲಿ ತಿರುಗಬೇಕು, ಮಂಚ ಮತ್ತು ಬಚ್ಚಲಿನ ಪಕ್ಕಕ್ಕೆ ತಾಗಿ ನಿಲ್ಲಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಸಾಧ್ಯವಿರುವಲ್ಲೆಲ್ಲ ಕುಳಿತವರೇ ಅದನ್ನು ನಡೆಸುವಂತಿರಬೇಕು. ಹದಿನಾರನೆಯ ಶತಮಾನದಿಂದ ಇಪ್ಪತ್ತನೆಯ ಶತಮಾನದವರೆಗೆ ಈ ಕುರ್ಚಿಯಲ್ಲಿ ಆದ ಬದಲಾವಣೆಗಳಲ್ಲಿ ಹೆಚ್ಚಿನವು "ಗಾಲಿಯನ್ನು ತಿರುಗಿಸುವವರು ಯಾರು?" ಎಂಬ ಪ್ರಶ್ನೆಯ ಸುತ್ತಲೇ ನಡೆದಿವೆ. ಬಳಕೆದಾರರಿಗೂ ಅವರ ಪರಿಸರಕ್ಕೂ ಹೊಂದದ ಕುರ್ಚಿ ಸಾಲದು ಎಂಬ ತತ್ತ್ವಕ್ಕೆ ಅಂತರರಾಷ್ಟ್ರೀಯ ರೂಪ ದೊರೆಯುವಲ್ಲಿ 2006ರಲ್ಲಿ ಬೆಂಗಳೂರಿನಲ್ಲಿ ನಡೆದ ಸಮಾವೇಶವು ಮಹತ್ವದ ಪಾತ್ರ ವಹಿಸಿತು.

## ಹೆಸರು

ಕನ್ನಡದಲ್ಲಿ ಈ ಸಾಧನಕ್ಕೆ ಗಾಲಿಕುರ್ಚಿ, ಚಕ್ರಕುರ್ಚಿ ಎಂಬ ಹೆಸರುಗಳಿವೆ. ಆಡುಮಾತಿನಲ್ಲಿ ವ್ಹೀಲ್‌ಚೇರ್ ಎಂಬ ಇಂಗ್ಲಿಷ್ ಪದವೇ ಹೆಚ್ಚು ಬಳಕೆಯಲ್ಲಿದೆ. "ಗಾಲಿ" ಎಂಬುದು ಎತ್ತಿನ ಬಂಡಿಯ ಚಕ್ರಕ್ಕೆ ಹೇಳುವ ದಿನಬಳಕೆಯ ಪದ. "ಕುರ್ಚಿ" ಎಂಬುದು ಅರಬ್ಬಿಯ "ಕುರ್ಸಿ" ಪದದಿಂದ ಭಾರತೀಯ ಭಾಷೆಗಳಿಗೆ ಬಂದದ್ದು.

## ಪೂರ್ವರೂಪಗಳು

ಗಾಲಿ ಜೋಡಿಸಿದ ಆಸನದ ಅತ್ಯಂತ ಹಳೆಯ ಚಿತ್ರಗಳಲ್ಲಿ ಒಂದು ಚೀನಾದಲ್ಲಿ ಸಿಕ್ಕಿದೆ. ಇದು ಕ್ರಿ.ಶ. ಆರನೆಯ ಶತಮಾನದ ಕಲ್ಲಿನ ಕೆತ್ತನೆ. ಪ್ರಾಚೀನ ಕಾಲದಲ್ಲಿ ನಡೆಯಲಾಗದವರನ್ನು ಸಾಮಾನ್ಯವಾಗಿ ಹೊತ್ತು ಅಥವಾ ಬಂಡಿಯಲ್ಲಿ ಕೂರಿಸಿ ಸಾಗಿಸಲಾಗುತ್ತಿತ್ತು. ಭಾರತದಲ್ಲಿ ಸ್ಥಿತಿವಂತರಿಗೆ ಪಲ್ಲಕ್ಕಿ ಮತ್ತು ಡೋಲಿಗಳಿದ್ದವು. ಕರ್ನಾಟಕದ ಶ್ರವಣಬೆಳಗೊಳದಲ್ಲಿ ಬೆಟ್ಟ ಹತ್ತಲಾಗದ ಯಾತ್ರಿಕರಿಗಾಗಿ ಡೋಲಿಯ ವ್ಯವಸ್ಥೆ ಇಂದಿಗೂ ಇದೆ. ಈ ಎಲ್ಲ ಸಾಧನಗಳಲ್ಲೂ ಕುಳಿತವರ ಚಲನೆ ಹೊರುವವರ ಅಥವಾ ಎಳೆಯುವವರ ಕೈಯಲ್ಲಿರುತ್ತದೆ.

### ಎರಡನೆಯ ಫಿಲಿಪ್‌ನ ಕುರ್ಚಿ

ಒಬ್ಬ ನಿರ್ದಿಷ್ಟ ವ್ಯಕ್ತಿಗಾಗಿ ಮನೆಯೊಳಗಿನ ಬಳಕೆಗೆಂದೇ ಮಾಡಿದ, ವಿವರವಾದ ರೇಖಾಚಿತ್ರ ಉಳಿದಿರುವ ಮೊದಲ ಕುರ್ಚಿಗಳಲ್ಲಿ ಸ್ಪೇನಿನ ದೊರೆ ಎರಡನೆಯ ಫಿಲಿಪ್‌ನದು ಪ್ರಸಿದ್ಧವಾದುದು. ಕೀಲುಗಳನ್ನು ಊದಿಸಿ ತೀವ್ರ ನೋವುಂಟುಮಾಡುವ ಗೌಟ್ ರೋಗದಿಂದ ಆತ ಬಳಲುತ್ತಿದ್ದನು. ಆಸ್ಥಾನಿಕನಾಗಿದ್ದ ಜೆಹಾನ್ ಲೆರ್ಮಿಟ್ 1595ರ ಸುಮಾರಿಗೆ ಈ ಕುರ್ಚಿಯ ಚಿತ್ರವನ್ನು ಬರೆದಿಟ್ಟನು. ಬೆನ್ನಿನ ಒರಗನ್ನು ಬೇಕಾದಷ್ಟು ಹಿಂದಕ್ಕೆ ಬಾಗಿಸಲು, ಕಾಲುಗಳನ್ನು ಚಾಚಿ ಮೇಲೆತ್ತಿ ಇಡಲು ಇದರಲ್ಲಿ ಅನುಕೂಲವಿತ್ತು. ಕುಳಿತಲ್ಲಿಂದ ಏಳದೆಯೇ ಮಲಗುವ ಭಂಗಿಗೆ ಬರಬಹುದಾಗಿತ್ತು.

ಆದರೆ ಇದರ ನಾಲ್ಕು ಕಾಲುಗಳ ತುದಿಯಲ್ಲಿದ್ದವು ಪುಟ್ಟ ಗಾಲಿಗಳು. ಕುಳಿತವನ ಕೈಗೆ ಅವು ಎಟುಕುತ್ತಿರಲಿಲ್ಲ. ಸೇವಕರು ತಳ್ಳಿದರೆ ಮಾತ್ರ ಕುರ್ಚಿ ಚಲಿಸುತ್ತಿತ್ತು. ಸೇವಕರಿಗೆ ಕೊರತೆಯಿಲ್ಲದ ಅರಮನೆಯಲ್ಲಿ ಇದು ದೊಡ್ಡ ತೊಡಕಾಗಿರಲಿಲ್ಲ.

### ಫಾರ್ಫ್ಲರ್‌ನ ಕೈಬಂಡಿ

ಕುಳಿತವರೇ ನಡೆಸುವ ಬಂಡಿಯನ್ನು ರೂಪಿಸಿದವರಲ್ಲಿ ಮೊದಲಿಗನೆಂದು ಸಾಮಾನ್ಯವಾಗಿ ಹೆಸರಿಸುವುದು ಸ್ಟೆಫಾನ್ ಫಾರ್ಫ್ಲರ್‌ನನ್ನು (1633–1689). ಜರ್ಮನಿಯ ನ್ಯೂರೆಂಬರ್ಗ್ ಸಮೀಪದ ಆಲ್ಟ್‌ಡಾರ್ಫ್‌ನಲ್ಲಿ ಗಡಿಯಾರ ತಯಾರಕನಾಗಿದ್ದ ಈತ ಬಾಲ್ಯದಲ್ಲೇ ಕಾಲುಗಳ ಶಕ್ತಿ ಕಳೆದುಕೊಂಡಿದ್ದನು. 1655ರ ಸುಮಾರಿಗೆ ಆತ ತನಗಾಗಿ ಮೂರು ಗಾಲಿಯ ಬಂಡಿಯೊಂದನ್ನು ಕಟ್ಟಿಕೊಂಡನು. ಎರಡು ಹಿಡಿಗಳನ್ನು ಕೈಯಿಂದ ತಿರುವಿದರೆ ಹಲ್ಲುಚಕ್ರಗಳ ಮೂಲಕ ಮುಂದಿನ ಗಾಲಿ ತಿರುಗುತ್ತಿತ್ತು. ಗಡಿಯಾರದ ಕಸುಬಿನಲ್ಲಿ ಪಳಗಿದ ಹಲ್ಲುಚಕ್ರದ ತಿಳಿವಳಿಕೆಯೇ ಇಲ್ಲಿ ಬಳಕೆಗೆ ಬಂದಿತ್ತು. ಇದು ಮನೆಯೊಳಗಿನ ಕುರ್ಚಿಯಲ್ಲ, ಹೊರಗೆ ಓಡಾಡುವ ವಾಹನ. ಆದರೂ ಗಾಲಿಯ ಚಲನೆಯನ್ನು ಕುಳಿತವರ ಕೈಗೆ ಒಪ್ಪಿಸಿದ್ದರಿಂದ ಗಾಲಿಕುರ್ಚಿಯ ಇತಿಹಾಸದಲ್ಲಿ ಇದಕ್ಕೆ ಸ್ಥಾನವಿದೆ. ಭಾರತದಲ್ಲಿ ಅಂಗವಿಕಲರು ಬಳಸುವ ಕೈಪೆಡಲಿನ ತ್ರಿಚಕ್ರ ಸೈಕಲ್ಲನ್ನು ಇದೇ ಕಲ್ಪನೆಯ ಮುಂದುವರಿಕೆಯಾಗಿ ನೋಡಬಹುದು.

## ಮರ್ಲಿನ್ ಕುರ್ಚಿ

ಮನೆಯೊಳಗೆ ಸ್ವತಃ ನಡೆಸಬಹುದಾದ ಕುರ್ಚಿಗೆ ಹೆಸರು ತಂದುಕೊಟ್ಟವನು ಜಾನ್ ಜೋಸೆಫ್ ಮರ್ಲಿನ್ (1735–1803). ಇಂದಿನ ಬೆಲ್ಜಿಯಂನ ಹುಯಿ ಪಟ್ಟಣದಲ್ಲಿ ಹುಟ್ಟಿದ ಈತ 1760ರಲ್ಲಿ ಲಂಡನ್ನಿಗೆ ಬಂದು ಗಡಿಯಾರ, ಸಂಗೀತವಾದ್ಯ ಮತ್ತು ಯಾಂತ್ರಿಕ ಬೊಂಬೆಗಳ ತಯಾರಿಕೆಯಲ್ಲಿ ಖ್ಯಾತಿ ಪಡೆದನು. ಗೌಟ್ ರೋಗಿಗಳಿಗಾಗಿ ಆತ ರೂಪಿಸಿದ ಕುರ್ಚಿಯ ಎರಡೂ ತೋಳುಗಳ ತುದಿಯಲ್ಲಿ ತಿರುವುವ ಹಿಡಿಗಳಿದ್ದವು. ಅವುಗಳ ಚಲನೆ ಹಲ್ಲುಚಕ್ರಗಳ ಮೂಲಕ ಕೆಳಗಿನ ಗಾಲಿಗಳಿಗೆ ತಲುಪುತ್ತಿತ್ತು. ಎರಡು ಹಿಡಿಗಳನ್ನೂ ಸಮನಾಗಿ ತಿರುವಿದರೆ ಕುರ್ಚಿ ನೇರ ಸಾಗುತ್ತಿತ್ತು. ಒಂದನ್ನೇ ತಿರುವಿದರೆ ಪಕ್ಕಕ್ಕೆ ಹೊರಳುತ್ತಿತ್ತು.

ಎರಡು ಗಾಲಿಗಳನ್ನು ಬೇರೆ ಬೇರೆಯಾಗಿ ನಡೆಸುವ ಈ ಉಪಾಯ ಮನೆಬಳಕೆಗೆ ನಿರ್ಣಾಯಕವಾಯಿತು. ಮುಂಗಾಲಿಯನ್ನು ಓರೆಯಾಗಿಸಿ ದಿಕ್ಕು ಬದಲಿಸುವ ವಾಹನಕ್ಕೆ ತಿರುಗಲು ವಿಶಾಲವಾದ ಜಾಗ ಬೇಕು. ಎಡ ಮತ್ತು ಬಲದ ಗಾಲಿಗಳನ್ನು ವಿರುದ್ಧ ದಿಕ್ಕಿಗೆ ತಿರುಗಿಸಬಲ್ಲ ಕುರ್ಚಿಯಾದರೋ ನಿಂತಲ್ಲೇ ಸುತ್ತಬಲ್ಲದು. ಇಂದಿನ ಕೈಚಾಲಿತ ಕುರ್ಚಿಯೂ ಇದೇ ತತ್ತ್ವದ ಮೇಲೆ ನಡೆಯುತ್ತದೆ. ಹತ್ತೊಂಬತ್ತನೆಯ ಶತಮಾನದುದ್ದಕ್ಕೂ ಇಂಗ್ಲೆಂಡಿನಲ್ಲಿ ಒಳಾಂಗಣದ ಗಾಲಿಕುರ್ಚಿಗಳನ್ನು, ಯಾರೇ ತಯಾರಿಸಿದರೂ, "ಮರ್ಲಿನ್ ಕುರ್ಚಿ" ಎಂದೇ ಕರೆಯುವ ರೂಢಿಯಿತ್ತು.

ಇದೇ ಅವಧಿಯಲ್ಲಿ, 1783ರ ಸುಮಾರಿಗೆ, ಇಂಗ್ಲೆಂಡಿನ ಬಾತ್ ಪಟ್ಟಣದ ಜಾನ್ ಡಾಸನ್ ತಯಾರಿಸಿದ "ಬಾತ್ ಕುರ್ಚಿ" ಜನಪ್ರಿಯವಾಯಿತು. ಎರಡು ದೊಡ್ಡ ಮತ್ತು ಒಂದು ಸಣ್ಣ ಗಾಲಿಯ ಈ ಬಂಡಿಯನ್ನು ಇನ್ನೊಬ್ಬರು ಎಳೆಯಬೇಕಿತ್ತು ಅಥವಾ ತಳ್ಳಬೇಕಿತ್ತು. ಕುಳಿತವರು ಉದ್ದನೆಯ ಹಿಡಿಯಿಂದ ದಿಕ್ಕನ್ನು ಮಾತ್ರ ನಿಯಂತ್ರಿಸುತ್ತಿದ್ದರು. ಔಷಧೀಯ ನೀರಿನ ಸ್ನಾನಕ್ಕೆ ಹೆಸರಾದ ಆ ಪಟ್ಟಣದ ಬೀದಿಗಳಿಗೆ ಇದು ಹೊಂದುತ್ತಿತ್ತು, ಕೋಣೆಗಳೊಳಗಿನ ಓಡಾಟಕ್ಕಲ್ಲ.

## ಹತ್ತೊಂಬತ್ತನೆಯ ಶತಮಾನದ ಬೆಳವಣಿಗೆಗಳು

### ತಳ್ಳುಬಳೆ

ಹಿಡಿ ಮತ್ತು ಹಲ್ಲುಚಕ್ರಗಳ ಕುರ್ಚಿ ದುಬಾರಿಯಾಗಿತ್ತು, ಕೆಟ್ಟರೆ ದುರಸ್ತಿಯೂ ಕಷ್ಟವಾಗಿತ್ತು. ಇದಕ್ಕಿಂತ ಸರಳವಾದ ಮಾರ್ಗವೆಂದರೆ ದೊಡ್ಡ ಗಾಲಿಯನ್ನೇ ಕೈಯಿಂದ ತಳ್ಳುವುದು. ಆದರೆ ನೆಲಕ್ಕೆ ತಾಗುವ ಗಾಲಿಯನ್ನು ಹಿಡಿದರೆ ಕೈಗೆ ಧೂಳು ಮೆತ್ತುತ್ತದೆ, ಅಂಗೈ ಸವೆಯುತ್ತದೆ. ಗಾಲಿಯ ಹೊರಮೈಗೆ, ಅದಕ್ಕಿಂತ ಸ್ವಲ್ಪ ಚಿಕ್ಕದಾದ ಎರಡನೆಯ ಬಳೆಯೊಂದನ್ನು ಜೋಡಿಸುವ ಮೂಲಕ ಈ ತೊಂದರೆ ನೀಗಿತು. 1881ರ ವೇಳೆಗೆ ಇಂತಹ ತಳ್ಳುಬಳೆಗಳು ಬಳಕೆಗೆ ಬಂದವು. ಈ ಒಂದು ಬಳೆಯಿಂದಾಗಿ ಹಲ್ಲುಚಕ್ರಗಳ ಅಗತ್ಯವೇ ಇಲ್ಲದೆ, ಸಾಮಾನ್ಯ ಬಡಗಿಯೂ ಕಟ್ಟಬಹುದಾದ ಕುರ್ಚಿ ಸಾಧ್ಯವಾಯಿತು.

### ದೊಡ್ಡ ಗಾಲಿ ಮುಂದೆಯೋ ಹಿಂದೆಯೋ

ಮರ್ಲಿನ್ ಮಾದರಿಯ ಕುರ್ಚಿಗಳಲ್ಲಿ ದೊಡ್ಡ ಗಾಲಿಗಳು ಮುಂಭಾಗದಲ್ಲಿದ್ದು, ಹಿಂದೆ ಒಂದು ಸಣ್ಣ ತಿರುಗುಗಾಲಿ ಇರುತ್ತಿತ್ತು. ಅಮೆರಿಕದಲ್ಲಿ 1869ರಲ್ಲಿ ಪೇಟೆಂಟ್ ಪಡೆದ ಬ್ಲಂಟ್ ಮತ್ತು ಸ್ಮಿತ್ ಅವರ ವಿನ್ಯಾಸವನ್ನು, ಹಿಂದೆ ದೊಡ್ಡ ಗಾಲಿ ಮತ್ತು ಮುಂದೆ ಸಣ್ಣ ತಿರುಗುಗಾಲಿಗಳನ್ನುಳ್ಳ ಆರಂಭಿಕ ಮಾದರಿಯೆಂದು ಇತಿಹಾಸಗಳು ಗುರುತಿಸುತ್ತವೆ. ಎರಡೂ ಮಾದರಿಗಳಿಗೆ ತಮ್ಮದೇ ಗುಣದೋಷಗಳಿವೆ.

* ದೊಡ್ಡ ಗಾಲಿ ಮುಂದಿದ್ದರೆ: ಎತ್ತರದ ಅಡೆತಡೆಯನ್ನು ದೊಡ್ಡ ಗಾಲಿ ಸಣ್ಣ ಗಾಲಿಗಿಂತ ಸುಲಭವಾಗಿ ಏರುವುದರಿಂದ ಹೊಸ್ತಿಲು ದಾಟುವಾಗ ಅನುಕೂಲ. ಆದರೆ ಗಾಲಿಯು ತೊಡೆಯ ಪಕ್ಕಕ್ಕೆ ಅಡ್ಡ ನಿಲ್ಲುವುದರಿಂದ ಪಕ್ಕದಿಂದ ಮಂಚಕ್ಕೆ ಸರಿಯುವುದು ಕಷ್ಟ. ಮೇಜಿನ ಹತ್ತಿರಕ್ಕೂ ಹೋಗಲಾಗದು.
* ದೊಡ್ಡ ಗಾಲಿ ಹಿಂದಿದ್ದರೆ: ಮೇಜು, ಮಂಚಗಳ ಸಮೀಪಕ್ಕೆ ಹೋಗಲು ಸುಲಭ. ಅಭ್ಯಾಸವುಳ್ಳವರು ಹಿಂದಕ್ಕೆ ವಾಲಿ ಮುಂದಿನ ಸಣ್ಣ ಗಾಲಿಗಳನ್ನು ಎತ್ತಿ ಅಡೆತಡೆ ದಾಟಬಹುದು. ಆದರೆ ಅಭ್ಯಾಸವಿಲ್ಲದವರಿಗೆ ಸಣ್ಣ ಹೊಸ್ತಿಲೂ ತಡೆಯಾಗುತ್ತದೆ. ಹಿಂದಕ್ಕೆ ಮಗುಚಿಬೀಳುವ ಅಪಾಯವೂ ಇದೆ.

ಕಾಲಕ್ರಮದಲ್ಲಿ ಎರಡನೆಯ ಮಾದರಿಯೇ ಜಗತ್ತಿನಾದ್ಯಂತ ರೂಢಿಗೆ ಬಂದಿತು.

### ಸಾಮಗ್ರಿ

ಈ ಕಾಲದ ಕುರ್ಚಿಗಳ ಚೌಕಟ್ಟು ಮರದ್ದು; ಆಸನ ಮತ್ತು ಒರಗು ಬೆತ್ತದ ಹೆಣಿಗೆಯವು. ಬೆತ್ತ ಹಗುರ, ಗಾಳಿಯಾಡುವಂತಹದು. ಆದರೆ ಒಟ್ಟು ಕುರ್ಚಿ ಭಾರವಾಗಿಯೇ ಇರುತ್ತಿತ್ತು, ಮಡಚಲು ಬರುತ್ತಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಸೈಕಲ್ ಉದ್ಯಮ ಬೆಳೆದಂತೆ ತಂತಿಕಡ್ಡಿಯ ಚಕ್ರ, ರಬ್ಬರಿನ ಟೈರು, ಬಾಲ್ ಬೇರಿಂಗ್ ಮತ್ತು ಉಕ್ಕಿನ ಕೊಳವೆಗಳು ಗಾಲಿಕುರ್ಚಿಗೂ ಬಂದವು. ಈ ನಂಟಿನಿಂದ ಇನ್ನೊಂದು ಲಾಭವೂ ಆಯಿತು: ಸೈಕಲ್ ಬಿಡಿಭಾಗ ಸಿಗುವ ಕಡೆಗಳಲ್ಲಿ ಕುರ್ಚಿಯ ದುರಸ್ತಿಯೂ ಸಾಧ್ಯವಾಯಿತು.

## ರೂಸ್‌ವೆಲ್ಟ್‌ನ ಅಡುಗೆಮನೆ ಕುರ್ಚಿ

ಅಮೆರಿಕದ ಅಧ್ಯಕ್ಷರಾಗಿದ್ದ ಫ್ರಾಂಕ್ಲಿನ್ ಡಿ. ರೂಸ್‌ವೆಲ್ಟ್ 1921ರಲ್ಲಿ, ತಮ್ಮ 39ನೆಯ ವಯಸ್ಸಿನಲ್ಲಿ, ಕಾಯಿಲೆಯೊಂದರಿಂದ ಕಾಲುಗಳ ಶಕ್ತಿ ಕಳೆದುಕೊಂಡರು. ಅದನ್ನು ಪೋಲಿಯೊ ಎಂದು ಗುರುತಿಸಲಾಯಿತು. ಅಂದು ಮಾರುಕಟ್ಟೆಯಲ್ಲಿದ್ದ ದೊಡ್ಡ ಗಾಲಿಕುರ್ಚಿಗಳು ಮನೆಯ ಓಡಾಟಕ್ಕೆ ಒಗ್ಗದ ಕಾರಣ, ತೋಳುಗಳಿಲ್ಲದ ಸಾಧಾರಣ ಅಡುಗೆಮನೆಯ ಕುರ್ಚಿಯೊಂದಕ್ಕೆ ಗಾಲಿಗಳನ್ನು ಜೋಡಿಸಿ ತಮಗೆ ಬೇಕಾದಂತೆ ಮಾಡಿಸಿಕೊಂಡರು. ಅದು ಕಿರಿದಾಗಿದ್ದು ಬಾಗಿಲುಗಳಲ್ಲಿ ಸಲೀಸಾಗಿ ಹಾಯುತ್ತಿತ್ತು. ತೋಳುಗಳಿಲ್ಲದ್ದರಿಂದ ಪಕ್ಕದ ಆಸನಕ್ಕೆ ಸರಿಯುವುದು ಸುಲಭವಾಗಿತ್ತು. ಹೈಡ್ ಪಾರ್ಕಿನ ಅವರ ಮನೆಯಲ್ಲಿ ಸಾಮಾನು ಸಾಗಿಸುವ ಲಿಫ್ಟೊಂದನ್ನು ಹಗ್ಗ ಜಗ್ಗಿ ತಾವೇ ಏರಿಸಿಕೊಂಡು ಮಹಡಿಗೆ ಹೋಗುತ್ತಿದ್ದರು.

ಮನೆಯ ಅಳತೆಗೆ ತಕ್ಕಂತೆ ಕುರ್ಚಿಯನ್ನು, ವ್ಯಕ್ತಿಯ ಶಕ್ತಿಗೆ ತಕ್ಕಂತೆ ಮನೆಯನ್ನು ಹೊಂದಿಸಿಕೊಂಡ ಪ್ರಸಿದ್ಧ ಉದಾಹರಣೆ ಇದು. ಆದರೆ ಇಂತಹ ಕುರ್ಚಿಯಲ್ಲಿ ದೀರ್ಘಕಾಲ ಕೂರುವುದು ಸುಖಕರವಲ್ಲ. ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿ, ಬೇರೆ ಆಸನಕ್ಕೆ ಸರಿದು ಕೂರಲು ಮಾತ್ರ ಅದು ತಕ್ಕುದಾಗಿತ್ತು.

## ಮಡಚುವ ಕುರ್ಚಿ

ಅಮೆರಿಕದ ಗಣಿ ಎಂಜಿನಿಯರ್ ಹರ್ಬರ್ಟ್ ಎವರೆಸ್ಟ್ 1918ರಲ್ಲಿ ಗಣಿ ಅಪಘಾತದಲ್ಲಿ ಬೆನ್ನು ಮುರಿದುಕೊಂಡರು. ಕಾರಿನಲ್ಲಿ ಹಾಕಿಕೊಂಡು ಹೋಗಬಹುದಾದ ಕುರ್ಚಿ ಬೇಕೆಂಬ ಅವರ ಅಪೇಕ್ಷೆಯಿಂದ, ಸ್ನೇಹಿತ ಹಾಗೂ ಎಂಜಿನಿಯರ್ ಹ್ಯಾರಿ ಜೆನಿಂಗ್ಸ್ ಜೊತೆಗೂಡಿ 1933ರ ಸುಮಾರಿಗೆ ಉಕ್ಕಿನ ಕೊಳವೆಗಳ ಮಡಚುವ ಕುರ್ಚಿ ರೂಪುಗೊಂಡಿತು. ಆಸನದ ಕೆಳಗೆ ಗುಣಾಕಾರದ ಗುರುತಿನಂತೆ ಒಂದಕ್ಕೊಂದು ಅಡ್ಡಲಾಗಿರುವ ಎರಡು ಪಟ್ಟಿಗಳೇ ಇದರ ಜೀವಾಳ. ಬಟ್ಟೆಯ ಆಸನವನ್ನು ನಡುವೆ ಹಿಡಿದೆತ್ತಿದರೆ ಎರಡೂ ಗಾಲಿಗಳು ಹತ್ತಿರ ಬಂದು ಕುರ್ಚಿ ಮಡಚಿಕೊಳ್ಳುತ್ತದೆ. ಈ ವಿನ್ಯಾಸಕ್ಕೆ 1937ರಲ್ಲಿ ಪೇಟೆಂಟ್ ದೊರೆಯಿತು.

ಇಬ್ಬರೂ ಸ್ಥಾಪಿಸಿದ ಎವರೆಸ್ಟ್ ಅಂಡ್ ಜೆನಿಂಗ್ಸ್ ಸಂಸ್ಥೆಯು ಹಲವು ದಶಕಗಳ ಕಾಲ ಮಾರುಕಟ್ಟೆಯಲ್ಲಿ ಪ್ರಾಬಲ್ಯ ಹೊಂದಿತ್ತು. 1977ರಲ್ಲಿ ಅಮೆರಿಕದ ನ್ಯಾಯಾಂಗ ಇಲಾಖೆಯು ಈ ಸಂಸ್ಥೆಯ ಮೇಲೆ ಏಕಸ್ವಾಮ್ಯ ವಿರೋಧಿ ಮೊಕದ್ದಮೆ ಹೂಡಿತು.

ಎರಡನೆಯ ಮಹಾಯುದ್ಧದ ಕಾಲಕ್ಕೆ ಬೆನ್ನುಹುರಿಗೆ ಪೆಟ್ಟಾದವರ ಚಿಕಿತ್ಸೆ ಸುಧಾರಿಸಿ, ಗಾಲಿಕುರ್ಚಿಯಲ್ಲಿ ದೀರ್ಘಕಾಲ ಬದುಕುವವರ ಸಂಖ್ಯೆ ಹೆಚ್ಚಿತು. ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್‌ನಲ್ಲಿ 1944ರಲ್ಲಿ ಲುಡ್ವಿಗ್ ಗಟ್‌ಮನ್ ಆರಂಭಿಸಿದ ಬೆನ್ನುಹುರಿ ಘಟಕ ಇದರಲ್ಲಿ ಮುಂಚೂಣಿಯಲ್ಲಿತ್ತು. ಮಡಚುವ ಕುರ್ಚಿ ಆಸ್ಪತ್ರೆಗಳಿಗೂ ವಿಮಾನ ನಿಲ್ದಾಣಗಳಿಗೂ ಹರಡಿತು. ಆದರೆ ಹಲವರು ಸರದಿಯಲ್ಲಿ ಬಳಸುವ ಆಸ್ಪತ್ರೆಯ ಕುರ್ಚಿ ಒಂದೇ ಅಳತೆಯದು. ಅದು ಕುಳಿತವರಿಗಿಂತ ತಳ್ಳುವವರ ಅನುಕೂಲಕ್ಕೆ ತಯಾರಾದುದು. ಅದನ್ನೇ ಒಬ್ಬರ ಮನೆಗೆ ಕೊಟ್ಟಾಗ ಉಂಟಾಗುವ ತೊಂದರೆಗಳು ಮುಂದೆ ಭಾರತವೂ ಸೇರಿದಂತೆ ಹಲವು ದೇಶಗಳಲ್ಲಿ ಚರ್ಚೆಗೆ ಬಂದವು.

## ಭಾರತ ಮತ್ತು ಕರ್ನಾಟಕದಲ್ಲಿ

ಭಾರತದಲ್ಲಿ ಅಂಗವಿಕಲರ ಸಾಧನಗಳನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಲು ಕೇಂದ್ರ ಸರ್ಕಾರವು 1972ರಲ್ಲಿ ಕಾನ್ಪುರದಲ್ಲಿ ಕೃತಕ ಅಂಗಗಳ ಉತ್ಪಾದನಾ ನಿಗಮವನ್ನು (ಅಲಿಮ್ಕೊ) ಸ್ಥಾಪಿಸಿತು. ಅದರ ಉತ್ಪಾದನೆ 1976ರಲ್ಲಿ ಆರಂಭವಾಯಿತು. ಬೆಂಗಳೂರಿನಲ್ಲಿಯೂ ಅದರ ಸಹಾಯಕ ಉತ್ಪಾದನಾ ಕೇಂದ್ರವಿದೆ. ಕಡಿಮೆ ಆದಾಯದವರಿಗೆ ಸಾಧನಗಳನ್ನು ಒದಗಿಸುವ ಎಡಿಐಪಿ ಯೋಜನೆ 1981ರಲ್ಲಿ ಜಾರಿಗೆ ಬಂದಿತು. ಈ ವ್ಯವಸ್ಥೆಯ ಮೂಲಕ ಹಳ್ಳಿಗಳನ್ನು ತಲುಪಿದ ಸಾಧನಗಳಲ್ಲಿ ಕೈಪೆಡಲಿನ ತ್ರಿಚಕ್ರ ಸೈಕಲ್ ಪ್ರಮುಖವಾದುದು. ಪೋಲಿಯೊದಿಂದ ಕಾಲಿನ ಶಕ್ತಿ ಕಳೆದುಕೊಂಡ ಅನೇಕರಿಗೆ ಅದು ಶಾಲೆ, ಸಂತೆ, ಕೆಲಸದ ದಾರಿಯನ್ನು ತೆರೆಯಿತು. ಆದರೆ ಅದು ಮನೆಯ ಬಾಗಿಲವರೆಗಿನ ವಾಹನ. ಮನೆಯೊಳಗೆ ಅವರು ತೆವಳುತ್ತಲೋ, ಕೈಯೂರಿ ಸರಿಯುತ್ತಲೋ ಓಡಾಡಬೇಕಿತ್ತು.

ಬೆಂಗಳೂರಿನಲ್ಲಿ 1959ರಲ್ಲಿ, ಸ್ವತಃ ಪೋಲಿಯೊಗೆ ತುತ್ತಾಗಿದ್ದ ಎನ್. ಎಸ್. ಹೇಮಾ ಅವರ ನೇತೃತ್ವದಲ್ಲಿ ಅಂಗವಿಕಲರ ಸಂಸ್ಥೆಯಾದ ಎಪಿಡಿ ಆರಂಭವಾಯಿತು. ಲಿಂಗರಾಜಪುರದಲ್ಲಿ ನೆಲೆಸಿರುವ ಈ ಸಂಸ್ಥೆ ಶಿಕ್ಷಣ, ವೃತ್ತಿ ತರಬೇತಿ ಮತ್ತು ಪುನರ್ವಸತಿಯಲ್ಲಿ ಕೆಲಸ ಮಾಡುತ್ತ ಬಂದಿದೆ. 1994ರಲ್ಲಿ ಬೆಂಗಳೂರಿನಲ್ಲೇ ಸ್ಥಾಪನೆಯಾದ ಮೊಬಿಲಿಟಿ ಇಂಡಿಯಾ, ಸಾಧನಗಳ ತಯಾರಿಕೆಯ ಜೊತೆಗೆ ಅವುಗಳನ್ನು ಅಳತೆಗೆ ಹೊಂದಿಸುವ ತಂತ್ರಜ್ಞರ ತರಬೇತಿಗೂ ಹೆಸರಾಗಿದೆ.

### ಸ್ಥಳೀಯ ಸಾಮಗ್ರಿಯ ಪ್ರಯತ್ನಗಳು

1980ರ ದಶಕದಿಂದ ಬಡ ದೇಶಗಳ ಪರಿಸರಕ್ಕೆ ಹೊಂದುವ ಕುರ್ಚಿಗಳ ಪ್ರಯೋಗಗಳು ನಡೆದವು. ಸ್ವತಃ ಗಾಲಿಕುರ್ಚಿ ಬಳಸುತ್ತಿದ್ದ ಅಮೆರಿಕದ ಎಂಜಿನಿಯರ್ ರಾಲ್ಫ್ ಹಾಚ್‌ಕಿಸ್, 1980ರ ನಿಕರಾಗುವಾ ಭೇಟಿಯ ನಂತರ, ಸ್ಥಳೀಯವಾಗಿ ಸಿಗುವ ಉಕ್ಕಿನ ಕೊಳವೆ ಮತ್ತು ಸೈಕಲ್ ಭಾಗಗಳಿಂದ ಕಟ್ಟಬಹುದಾದ ಕುರ್ಚಿಗಳನ್ನು ಬೆಳೆಸಿದರು. 1987ರಲ್ಲಿ ಪ್ರಕಟವಾದ ಡೇವಿಡ್ ವರ್ನರ್ ಅವರ ಹಳ್ಳಿಯ ಅಂಗವಿಕಲ ಮಕ್ಕಳ ಕುರಿತ ಕೈಪಿಡಿಯಲ್ಲಿ, ನೆಲದ ಮೇಲೆ ಕುಳಿತು ಬದುಕುವ ಮನೆಗಳಿಗೆ ಹೊಂದುವ ತಗ್ಗಾದ ಗಾಲಿಹಲಗೆಗಳ ವಿನ್ಯಾಸಗಳೂ ಇವೆ. ಡೇವಿಡ್ ಕಾನ್‌ಸ್ಟಂಟೈನ್ ಮತ್ತು ಸೈಮನ್ ಗ್ಯೂ 1991ರಲ್ಲಿ ಸ್ಥಾಪಿಸಿದ ಬ್ರಿಟನ್ನಿನ ಮೋಟಿವೇಷನ್ ಸಂಸ್ಥೆಯ ಕೆಲಸ ಬಾಂಗ್ಲಾದೇಶದಲ್ಲಿ ಆರಂಭವಾಯಿತು.

### ಬೆಂಗಳೂರು ಸಮಾವೇಶ, 2006

2006ರ ನವೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಕೃತಕ ಅಂಗ ತಜ್ಞರ ಅಂತರರಾಷ್ಟ್ರೀಯ ಸಂಘ (ಐಎಸ್‌ಪಿಒ) ಮತ್ತು ಅಮೆರಿಕದ ಅಭಿವೃದ್ಧಿ ನೆರವು ಸಂಸ್ಥೆಗಳು ಸೇರಿ ಬೆಂಗಳೂರಿನಲ್ಲಿ ಅಭಿವೃದ್ಧಿಶೀಲ ದೇಶಗಳ ಗಾಲಿಕುರ್ಚಿಗಳ ಕುರಿತು ಸಮಾವೇಶ ನಡೆಸಿದವು. ಇದರ ಮುಂದುವರಿಕೆಯಾಗಿ 2008ರಲ್ಲಿ ಕೈಚಾಲಿತ ಗಾಲಿಕುರ್ಚಿಗಳ ಪೂರೈಕೆಗೆ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಹೊರಬಂದಿತು. ಬಳಕೆದಾರರ ಅಗತ್ಯ ಮತ್ತು ಪರಿಸರಕ್ಕೆ ಹೊಂದುವ, ಮೈಯ ಅಳತೆಗೆ ಸರಿಯಾಗಿರುವ, ಭಂಗಿಗೆ ಆಸರೆ ನೀಡುವ, ಸುರಕ್ಷಿತವೂ ಬಾಳಿಕೆಯುಳ್ಳದ್ದೂ ಆದ, ಅದೇ ದೇಶದಲ್ಲಿ ಪಡೆದು ದುರಸ್ತಿ ಮಾಡಿಸಬಹುದಾದ ಕುರ್ಚಿಯನ್ನು ಅದು "ಸೂಕ್ತ ಗಾಲಿಕುರ್ಚಿ" ಎಂದು ವ್ಯಾಖ್ಯಾನಿಸಿತು. ಕುರ್ಚಿಯನ್ನು ಹಂಚುವುದಷ್ಟೇ ಸಾಲದು. ಪರೀಕ್ಷೆ, ಆಯ್ಕೆ, ಹೊಂದಾಣಿಕೆ, ಬಳಕೆಯ ತರಬೇತಿ, ನಂತರದ ನಿರ್ವಹಣೆ ಸೇರಿದಂತೆ ಎಂಟು ಹಂತಗಳ ಸೇವೆ ಬೇಕು ಎಂದು ಹೇಳಿತು.

ಇದಕ್ಕೆ ವೈದ್ಯಕೀಯ ಕಾರಣವೂ ಇದೆ. ಬೆನ್ನುಹುರಿಗೆ ಪೆಟ್ಟಾಗಿ ಸ್ಪರ್ಶಜ್ಞಾನ ಕಳೆದುಕೊಂಡವರು ಅಳತೆಗೆ ಹೊಂದದ, ಸೂಕ್ತ ಮೆತ್ತೆಯಿಲ್ಲದ ಕುರ್ಚಿಯಲ್ಲಿ ಕುಳಿತರೆ ಒತ್ತಡದ ಹುಣ್ಣುಗಳಾಗುತ್ತವೆ. ನೋವು ತಿಳಿಯದ ಕಾರಣ ಅವು ಆಳವಾಗಿ, ಸೋಂಕು ತಗುಲಿ, ಪ್ರಾಣಕ್ಕೆ ಎರವಾಗಬಹುದು.

## ಕನ್ನಡನಾಡಿನ ಮನೆಗಳಲ್ಲಿ ಗಾಲಿಕುರ್ಚಿ

ಗಾಲಿಕುರ್ಚಿಯ ರೂಢಿಯ ವಿನ್ಯಾಸವು ಮೇಜು, ಮಂಚ, ಎತ್ತರದ ಕಮೋಡ್ ಇರುವ ಮನೆಗಳಲ್ಲಿ ಬೆಳೆದುಬಂದದ್ದು. ನೆಲದ ಮೇಲೆ ಕುಳಿತು ಉಣ್ಣುವ, ಅಡುಗೆ ಮಾಡುವ, ಮಲಗುವ ರೂಢಿಯುಳ್ಳ ಮನೆಗಳಲ್ಲಿ ಅದರ ಎತ್ತರವೇ ವ್ಯಕ್ತಿಯನ್ನು ಮನೆಯವರಿಂದ ಬೇರ್ಪಡಿಸುತ್ತದೆ. ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದ ಕಲ್ಲೋಳಿಯಂತಹ ಊರುಗಳ ಹಳೆಯ ಬಗೆಯ ಮನೆಗಳಿಗೂ ಈ ಮಾತು ಅನ್ವಯಿಸುತ್ತದೆ. ಇಂತಹ ಮನೆಗಳಲ್ಲಿ ಎದುರಾಗುವ ಮುಖ್ಯ ತೊಡಕುಗಳು ಹೀಗಿವೆ:

* ಕಟ್ಟೆ ಮತ್ತು ಮೆಟ್ಟಿಲು: ಇಳಿಜಾರು ದಾರಿಗೆ 1:12ರ ಪ್ರಮಾಣ ರೂಢಿಯಲ್ಲಿದೆ. ಅಂದರೆ 2 ಅಡಿ ಎತ್ತರದ ಕಟ್ಟೆಗೆ 24 ಅಡಿ ಉದ್ದದ ಇಳಿಜಾರು ಬೇಕು. ಓಣಿಯಂಚಿನ ಮನೆಗಳಲ್ಲಿ ಇಷ್ಟು ಜಾಗ ಸಿಗುವುದು ಕಷ್ಟ.
* ಹೊಸ್ತಿಲು: ಅರಿಶಿನ ಕುಂಕುಮವಿಟ್ಟು ಪೂಜಿಸುವ ಹೊಸ್ತಿಲನ್ನು ತೆಗೆಸಲು ಮನೆಯವರು ಒಪ್ಪದಿರಬಹುದು. ಹೊಸ್ತಿಲನ್ನು ಹಾಗೆಯೇ ಉಳಿಸಿ ಎರಡೂ ಬದಿಗೆ ಮರದ ಓರೆಹಲಗೆ ಇಡುವುದು ಪರಿಹಾರಗಳಲ್ಲಿ ಒಂದು.
* ಬಾಗಿಲಿನ ಅಗಲ: ವಯಸ್ಕರ ಸಾಮಾನ್ಯ ಕುರ್ಚಿಯ ಒಟ್ಟು ಅಗಲ 600ರಿಂದ 650 ಮಿ.ಮೀ. ಇರುತ್ತದೆ, ಬಳೆ ಹಿಡಿದ ಕೈಗಳಿಗೆ ಇನ್ನಷ್ಟು ಜಾಗ ಬೇಕು. 2 ಅಡಿಯ ಬಾಗಿಲಲ್ಲಿ ಅದು ಹಾಯುವುದಿಲ್ಲ. ಸಾರ್ವಜನಿಕ ಕಟ್ಟಡಗಳಿಗೆ ಭಾರತದ ಮಾರ್ಗಸೂಚಿಗಳು 900 ಮಿ.ಮೀ. ಅಗಲವನ್ನು ಸೂಚಿಸುತ್ತವೆ.
* ಬಚ್ಚಲು ಮತ್ತು ಶೌಚಾಲಯ: ಕುಕ್ಕುರುಗಾಲಿನಲ್ಲಿ ಕೂರುವ ಶೌಚಾಲಯಗಳು, ಹಿತ್ತಲಲ್ಲಿ ಪ್ರತ್ಯೇಕವಾಗಿ ಕಟ್ಟಿದ ಬಚ್ಚಲುಗಳು ಗಾಲಿಕುರ್ಚಿ ಬಳಸುವವರನ್ನು ಇನ್ನೊಬ್ಬರ ನೆರವಿಗೆ ಒಳಪಡಿಸುತ್ತವೆ.
* ಎರೆಮಣ್ಣು: ಮಳೆಗಾಲದಲ್ಲಿ ಕಪ್ಪು ಎರೆಮಣ್ಣು ಗಾಲಿಗೆ ಮೆತ್ತಿಕೊಳ್ಳುತ್ತದೆ, ಮುಂದಿನ ಕಿರಿದಾದ ತಿರುಗುಗಾಲಿ ಹೂತುಹೋಗುತ್ತದೆ. ಅಗಲವಾದ ಮುಂಗಾಲಿಯ ಅಥವಾ ಮೂರು ಗಾಲಿಯ ಕುರ್ಚಿಗಳು ಇಂತಹ ನೆಲಕ್ಕೆ ಹೆಚ್ಚು ಹೊಂದುತ್ತವೆ.

ಕರ್ನಾಟಕದಲ್ಲಿ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯು ಸಾಧನ ಸಲಕರಣೆಗಳ ಯೋಜನೆಗಳನ್ನು ನಡೆಸುತ್ತದೆ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಮತ್ತು ನಗರ ಸ್ಥಳೀಯ ಸಂಸ್ಥೆಗಳಲ್ಲಿ ನಗರ ಪುನರ್ವಸತಿ ಕಾರ್ಯಕರ್ತರು ಸೌಲಭ್ಯಗಳ ಮಾಹಿತಿ ನೀಡುತ್ತಾರೆ.

ಭಾರತವು ಅಂಗವಿಕಲರ ಹಕ್ಕುಗಳ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು 2007ರಲ್ಲಿ ಅನುಮೋದಿಸಿತು. ಆ ಒಡಂಬಡಿಕೆಯ 20ನೆಯ ವಿಧಿಯು, ಸಾಧ್ಯವಾದಷ್ಟು ಸ್ವಾತಂತ್ರ್ಯದೊಂದಿಗೆ ಚಲಿಸಲು ಬೇಕಾದ ಕ್ರಮಗಳನ್ನು ಕೈಗೊಳ್ಳುವ ಹೊಣೆಯನ್ನು ಸರ್ಕಾರಗಳ ಮೇಲೆ ಹೊರಿಸುತ್ತದೆ. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರಲ್ಲಿ ರೂಪುಗೊಂಡಿತು.

## ಕಾಲಾನುಕ್ರಮ

* 1595 – ಎರಡನೆಯ ಫಿಲಿಪ್‌ನ ಕುರ್ಚಿಯ ರೇಖಾಚಿತ್ರ (ಸುಮಾರು).
* 1655 – ಫಾರ್ಫ್ಲರ್‌ನ ಕೈಚಾಲಿತ ಮೂರು ಗಾಲಿಯ ಬಂಡಿ (ಸುಮಾರು).
* 1760 – ಮರ್ಲಿನ್ ಲಂಡನ್ನಿಗೆ ಬಂದದ್ದು.
* 1783 – ಬಾತ್ ಕುರ್ಚಿ (ಸುಮಾರು).
* 1869 – ಬ್ಲಂಟ್ ಮತ್ತು ಸ್ಮಿತ್ ಅವರ ಅಮೆರಿಕನ್ ಪೇಟೆಂಟ್.
* 1881 – ತಳ್ಳುಬಳೆಗಳ ಬಳಕೆ.
* 1933 – ಎವರೆಸ್ಟ್ ಮತ್ತು ಜೆನಿಂಗ್ಸ್ ಅವರ ಮಡಚುವ ಕುರ್ಚಿ (ಸುಮಾರು).
* 1959 – ಬೆಂಗಳೂರಿನಲ್ಲಿ ಎಪಿಡಿ ಸ್ಥಾಪನೆ.
* 1972 – ಕಾನ್ಪುರದಲ್ಲಿ ಅಲಿಮ್ಕೊ ಸ್ಥಾಪನೆ.
* 1981 – ಎಡಿಐಪಿ ಯೋಜನೆ.
* 2006 – ಗಾಲಿಕುರ್ಚಿಗಳ ಕುರಿತು ಬೆಂಗಳೂರು ಸಮಾವೇಶ.
* 2008 – ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ.